ಮೇಲಿನದೋ, ಕೆಳಗಿನದೋ

ಬುಕ್ಕಾಂಬುಧಿಯಲ್ಲಿ ಲ್ಯಾಪ್‌ಟಾಪ್‌ಗೆ ಮಂಗಳಾರತಿ ಆದದ್ದನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಅಜ್ಜಂಪುರದ ಕಡೆ ಈಗ ಅದನ್ನು ಬಗೆಬಗೆಯಾಗಿ ಹೇಳುತ್ತಾರೆ. ಒಬ್ಬರ ಪ್ರಕಾರ ಲ್ಯಾಪ್‌ಟಾಪ್ ತಾನಾಗಿಯೇ ಎದ್ದು ನಿಂತಿತಂತೆ. ಇನ್ನೊಬ್ಬರ ಪ್ರಕಾರ ಅದರೊಳಗಿಂದ ನಮ್ಮೂರ ದೇವತೆ ಕರಿಯಮ್ಮನೇ ಮಾತಾಡಿದಳಂತೆ. ಅದೆಲ್ಲ ಬರೀ ಬೊಗಳೆ. ನಿಜವಾಗಿ ನಡೆದದ್ದು ಅದಕ್ಕಿಂತ ದೊಡ್ಡದು. ನಾನು ಹಾಲೇಶನ ಪಕ್ಕದ ಮನೆಯವನು, ಎರಡು ಮನೆಗೂ ನಡುಗೋಡೆ ಒಂದೇ. ಹಾಗಾಗಿ ನನ್ನ ಮಾತನ್ನು ನಂಬಬಹುದು.

ಹಾಲೇಶ ಅಜ್ಜಂಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಅಲ್ಲಿನ ಕಂಪ್ಯೂಟರನ್ನು ಬೆಳಿಗ್ಗೆ ಆನ್ ಮಾಡುವವನೂ ಅವನೇ, ಸಂಜೆ ಆಫ್ ಮಾಡುವವನೂ ಅವನೇ. ನಡುವೆ ಅದರಲ್ಲಿ ಕೆಲಸ ಮಾಡುವವರು ಬೇರೆ. ಇಷ್ಟಾದರೂ ಅವನಿಗೆ ಕಂಪ್ಯೂಟರ್ ಗೊತ್ತು ಎಂಬ ಹೆಸರು ಊರಲ್ಲೆಲ್ಲ ಹಬ್ಬಿತ್ತು. ಯಾರದ್ದಾದರೂ ಮೊಬೈಲ್ ಕೆಟ್ಟರೆ ಅವನ ಹತ್ತಿರ ತರುತ್ತಿದ್ದರು. ಅವನು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಒಮ್ಮೆ ಉಫ್ ಎಂದು ಊದಿ, "ನೆಟ್‌ವರ್ಕ್ ಪ್ರಾಬ್ಲಮ್ಮು ಕಣ್ರೀ" ಎಂದು ವಾಪಸು ಕೊಡುತ್ತಿದ್ದ. ನಮಗೆ ಅಷ್ಟರಿಂದಲೇ ಸಮಾಧಾನವಾಗುತ್ತಿತ್ತು.

ಲ್ಯಾಪ್‌ಟಾಪ್ ಇದ್ದದ್ದು ಅವನ ಹೆಂಡತಿ ಭುವನಾಳಿಗಾಗಿ. ಭುವನಾ ಮನೆಯಿಂದಲೇ ಓದಿ ಗ್ರಂಥಾಲಯ ವಿಜ್ಞಾನದ ಡಿಪ್ಲೊಮಾ ಮಾಡುತ್ತಿದ್ದಳು. ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಮೇಲ್ವಿಚಾರಕರಿಲ್ಲದೆ ಬೀಗ ಬಿದ್ದು ಬಹಳ ದಿನವಾಗಿತ್ತು. ಡಿಪ್ಲೊಮಾ ಕೈಗೆ ಬಂದರೆ ಆ ಬೀಗ ತೆಗೆಯುವ ಕೆಲಸ ತನಗೇ ಸಿಕ್ಕೀತು ಎಂದು ಅವಳ ಲೆಕ್ಕಾಚಾರ. ಉಳಿದದ್ದು ಕೊನೆಯ ಪತ್ರಿಕೆ ಒಂದೇ. ಅದನ್ನು ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನ ಕ್ಯಾಮೆರಾ ಎದುರು ಬರೆಯಬೇಕು.

ಲ್ಯಾಪ್‌ಟಾಪ್ ಬರುವಾಗ ಒಂಟಿಯಾಗಿ ಬಂದಿರಲಿಲ್ಲ. ಸೀರೆಯ ಜೊತೆ ರವಿಕೆ ಬಟ್ಟೆ ಬರುವುದು ಸರಿ, ಅಂಗಡಿಯವನ ನೆಂಟರಿಷ್ಟರೆಲ್ಲ ಬಂದು ಮನೆಯಲ್ಲಿ ಕೂತರೆ ಏನು ಮಾಡುವುದು? ಇದರಲ್ಲಿ ಹಾಗೇ ಆಗಿತ್ತು. ಯಾರೂ ಕೇಳದ ಇಸ್ಪೀಟು, ಯಾರೂ ಕೇಳದ ಹವಾಮಾನ, ಸಾಮಾನು ಕೊಳ್ಳಿರೆಂದು ಪೀಡಿಸುವ ಅಂಗಡಿ, "ನಾನು ಸಹಾಯ ಮಾಡಲೇ?" ಎಂದು ಗಳಿಗೆಗೊಮ್ಮೆ ಮೂಲೆಯಿಂದ ಇಣುಕುವ ಒಂದು ಗೊಂಬೆ. ಇವೆಲ್ಲಕ್ಕೂ ಹಿರಿಯಣ್ಣನಂತೆ ಒಂದು ಆಂಟಿವೈರಸ್. ಅದರ ಪುಕ್ಕಟೆ ಅವಧಿ ಯಾವತ್ತೋ ಮುಗಿದುಹೋಗಿತ್ತು. ಆ ಸಿಟ್ಟಿಗೆ ಅದು ದಿನಕ್ಕೆ ಎಷ್ಟೋ ಸಲ ಪರದೆಯ ತುಂಬ ಕೆಂಪಗೆ ಎದ್ದು ನಿಲ್ಲುತ್ತಿತ್ತು.

ಹಿಂದಿನ ಸಲ ಪರೀಕ್ಷೆಯ ಮಧ್ಯದಲ್ಲೂ ಅದು ಎದ್ದು ನಿಂತಿತು. ಪರೀಕ್ಷೆಯ ಯಂತ್ರ ಅದನ್ನು ಕಂಡು, "ನೀವು ಪರೀಕ್ಷೆ ಬಿಟ್ಟು ಬೇರೆ ಕಡೆ ಹೋಗಿದ್ದೀರಿ" ಎಂದು ಹೇಳಿ ಬಾಗಿಲು ಹಾಕಿಕೊಂಡಿತು. ಭುವನಾ ಕುರ್ಚಿ ಬಿಟ್ಟು ಅಲುಗಾಡಿಯೂ ಇರಲಿಲ್ಲ. ಪತ್ರ ಬರೆದು, ಫೋನು ಮಾಡಿ, ಅಂಗಲಾಚಿದ ಮೇಲೆ ಇನ್ನೊಂದು ಅವಕಾಶ ಕೊಟ್ಟಿದ್ದರು. ಅದೇ ಕೊನೆಯದು, ಸೋಮವಾರ.

"ಎಲ್ಲಾ ಕಿತ್ತು ಹೊಸದಾಗಿ ಸಿಸ್ಟಮ್ ಹಾಕಿದ್ರೆ ಈ ಕಾಟ ಇರಲ್ಲ ಕಣ್ರೀ. ತರೀಕೆರೆಗೆ ತಗೊಂಡೋಗಿ ಹಾಕಿಸ್ಕೊಂಬನ್ನಿ" ಎಂದಳು ಭುವನಾ.

ಶನಿವಾರ ಹಾಲೇಶ ನನ್ನನ್ನೂ ಜೊತೆಗೆ ಹೊರಡಿಸಿದ. ತರೀಕೆರೆ ಬಸ್‌ಸ್ಟ್ಯಾಂಡಿನ ಎದುರು ಮಲ್ಲಿಕಾರ್ಜುನನ ಕಂಪ್ಯೂಟರ್ ಅಂಗಡಿ. ಅವನು ಲ್ಯಾಪ್‌ಟಾಪ್ ತೆರೆದು ನೋಡಿ, "ಬಿಟ್ಟೋಗಿ ಅಣ್ಣ, ಸಂಜೆ ಹೊತ್ಗೆ ಹಾಕಿಡ್ತೀನಿ" ಎಂದ.

ಅಂಗಡಿಯಲ್ಲಿ ನಮ್ಮೂರಿನ ಇನ್ನಿಬ್ಬರು ಇದ್ದರು. ಹಾಲೇಶ ಅವರನ್ನು ನೋಡಿದ. ಅವರು ಹಾಲೇಶನನ್ನು ನೋಡಿದರು.

"ಏಯ್, ಇಷ್ಟಕ್ಕೆಲ್ಲಾ ಬಿಟ್ಟೋಗೋದಾ? ಸಾಮಾನು ಕೊಡಿ ಸಾಕು, ನಾನೇ ಹಾಕ್ಕೋತೀನಿ" ಎಂದ ಹಾಲೇಶ.

ಮಲ್ಲಿಕಾರ್ಜುನ ಗೌರವದಿಂದ ಒಂದು ಪೆನ್‌ಡ್ರೈವ್ ಕೊಟ್ಟ. "ಇದನ್ನ ಹಾಕಿ ಆನ್ ಮಾಡಿ ಅಣ್ಣ. ಪರದೆ ಮೇಲೆ ಎರಡು ಸಾಲು ಬತ್ತವೆ. ಮೇಲಿಂದು ಒತ್ತಿದ್ರೆ ಕಂಪನಿಯೋರು ಕೊಟ್ಟಾಗ ಹೆಂಗಿತ್ತೋ ಹಂಗೇ ಕೂರುತ್ತೆ, ಅವರ ಸಾಮಾನೆಲ್ಲಾ ಸಮೇತ. ಕೆಳಗಿಂದು ಒತ್ತಿದ್ರೆ ಎಲ್ಲಾ ಅಳಿಸಿ ಬರೀ ಸಿಸ್ಟಮ್ ಕೂರುತ್ತೆ. ಬಾಣದ ಗುಂಡೀಲಿ ಸಾಲು ಬದಲಾಯಿಸೋದು, ಎಂಟರ್ ಒತ್ತೋದು, ಅಷ್ಟೇ. ಕೆಳಗಿಂದು ಹಾಕಿದ್ರೆ ಒಂದೊಂದ್ಸಲ ಕ್ಯಾಮೆರಾ ತಕರಾರು ಮಾಡ್ತದೆ, ನೋಡ್ಕೊಳಿ. ಮತ್ತೆ ಅರ್ಧಕ್ಕೆ ಕರೆಂಟು ಹೋಗಬಾರದು. ನಿಮಗೆ ಗೊತ್ತಿರೋದೇ ಬಿಡಿ."

"ಗೊತ್ತಿರೋದೇ" ಎಂದ ಹಾಲೇಶ.

ಹಾಗಾದರೆ ಎರಡರಲ್ಲಿ ಯಾವುದನ್ನು ಒತ್ತಲಿ ಎಂದು ಅಲ್ಲೇ ಕೇಳಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಗೊತ್ತಿರುವವನು ಹೇಗೆ ಕೇಳುತ್ತಾನೆ? ಬಸ್ಸು ತರೀಕೆರೆ ಬಿಟ್ಟು ಮುಂದೆ ಬಂದ ಮೇಲೆ ಅವನು ನನ್ನ ಕಿವಿಯ ಹತ್ತಿರ ಬಾಗಿ, "ಪೆನ್‌ಡ್ರೈವ್ ಯಾವ ಕಡೆಯಿಂದ ಚುಚ್ಚೋದು?" ಎಂದು ಕೇಳಿದ. ನನಗೂ ತಿಳಿಯದು. ಇಬ್ಬರೂ ಕಿಟಕಿಯಾಚೆ ನೋಡುತ್ತ ಊರು ಸೇರಿದೆವು.

ಭಾನುವಾರ ಬೆಳಿಗ್ಗೆ ಜಗುಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಲೇಶ ಧ್ಯಾನಕ್ಕೆ ಕೂತ. ಎಲ್ಲಾ ಅಳಿಸಿಹೋಗುತ್ತದೆ ಎಂಬ ಮಾತು ಅವನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಒಳಗಿಂದ ಭುವನಾ, "ಕೆಳಗಿಂದು ಒತ್ರೀ. ನನ್ನ ಪಾಠ ಎಲ್ಲಾ ಬೇರೆ ಕಡೆ ತೆಗೆದಿಟ್ಟಿದೀನಿ" ಎಂದಳು. ಹಾಲೇಶ, "ಕ್ಯಾಮೆರಾ ಹೋದ್ರೆ?" ಎಂದ. "ಮೇಲಿಂದು ಒತ್ತಿದ್ರೆ ಪರೀಕ್ಷೆನೇ ಹೋಗುತ್ತೆ" ಎಂದಳು ಅವಳು. ನ್ಯಾಯವಾಗಿ ಅಲ್ಲಿಗೆ ತೀರ್ಮಾನವಾಗಬೇಕಿತ್ತು. ಆದರೆ ಪರೀಕ್ಷೆ ಬರೆಯುವವಳ ಮಾತನ್ನು ಅಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಯಾರೂ ಎಂಬುದರಲ್ಲಿ ನಾನೂ ಸೇರಿದ್ದೇನೆ.

ಅಷ್ಟರಲ್ಲಿ ಹಾಲೇಶನ ದೊಡ್ಡಪ್ಪ ದೊಡ್ಡಬೀರಪ್ಪ ಬಂದರು. ಬೋರು ಕೊರೆಸುವುದಿರಲಿ, ಸಂಬಂಧ ನೋಡುವುದಿರಲಿ, ಕರಿಯಮ್ಮನ ಹೂ ಕೇಳದೆ ಹೆಜ್ಜೆ ಇಡದ ಹಿರಿಯರು. ಅವರು ಬಂದು ಕೂರುವುದಕ್ಕೂ ಆಂಟಿವೈರಸ್ ಪರದೆಯ ತುಂಬ ಕೆಂಪಗೆ ಏಳುವುದಕ್ಕೂ ಸರಿಹೋಯಿತು.

"ಏನಂತೋ ಅದು?"

"ನಿಮ್ಮ ರಕ್ಷಣೆ ಮುಗಿದಿದೆ, ನೀವು ಅಪಾಯದಲ್ಲಿದ್ದೀರಿ ಅಂತದೆ ದೊಡ್ಡಪ್ಪ."

ದೊಡ್ಡಬೀರಪ್ಪನವರು ಕೂತಲ್ಲಿಂದ ಎದ್ದರು. ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಕಟ್ಟಿದರು. "ಅದೇ ಬಾಯ್ಬಿಟ್ಟು ಹೇಳ್ತೈತೆ, ನೀನು ಇನ್ನೂ ಕೂತಿದೀಯಲ್ಲೋ! ಅಮ್ಮನ ಕೇಳ್ದೆ ಒಂದು ಗುಂಡಿ ಮುಟ್ಟಿದ್ರೆ ನೋಡು. ನಡಿ ಗುಡಿಗೆ."

ಕೆರೆ ಏರಿಯ ಮೇಲೆ ಕರಿಯಮ್ಮನ ಗುಡಿ. ಹಾಲೇಶ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಮುಂದೆ, ದೊಡ್ಡಬೀರಪ್ಪನವರು ಅವನ ಹಿಂದೆ, ಛತ್ರಿ ಹಿಡಿದ ನಾನು ಪಕ್ಕದಲ್ಲಿ. ಕೊನೆಗೆ ಪುಸ್ತಕದ ಹಾಳೆ ಓದುತ್ತಲೇ ನಡೆಯುತ್ತಿದ್ದ ಭುವನಾ. ದಾರಿಯಲ್ಲಿ ಯಾರಾದರೂ ಏನೆಂದು ಕೇಳಿದರೆ ದೊಡ್ಡಬೀರಪ್ಪನವರು, "ರಕ್ಷಣೆ ಮುಗಿದೈತಂತೆ" ಎನ್ನುತ್ತಿದ್ದರು. ಕೇಳಿದವರು ಚಪ್ಪಲಿ ಬಿಟ್ಟು ಹಿಂದೆ ಬರುತ್ತಿದ್ದರು. ಗುಡಿ ಮುಟ್ಟುವಾಗ ನಮ್ಮ ಬೀದಿ ಅರ್ಧಕ್ಕರ್ಧ ಖಾಲಿಯಾಗಿತ್ತು. ಎದುರುಮನೆಯ ತಿಮ್ಮಕ್ಕಜ್ಜಿ ಕೋಲೂರಿಕೊಂಡು ಎಲ್ಲರಿಗಿಂತ ಮೊದಲೇ ತಲುಪಿದ್ದಳು.

ಪೂಜಾರಿ ರೇವಣಪ್ಪ ಲ್ಯಾಪ್‌ಟಾಪ್‌ಗೆ ಅರಿಶಿನ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದ. ತೀರ್ಥ ಹಾಕಲು ಹೋದಾಗ ಭುವನಾ ಕೈ ಅಡ್ಡ ಹಿಡಿದಳು. ಹಾಲೇಶ ಪೆನ್‌ಡ್ರೈವನ್ನು ಮೂರ್ನಾಲ್ಕು ತೂತುಗಳಲ್ಲಿ ಪರೀಕ್ಷಿಸಿ ಕೊನೆಗೆ ಸರಿಯಾದುದರಲ್ಲಿ ಸಿಕ್ಕಿಸಿ, ಆನ್ ಮಾಡಿದ. ಮಲ್ಲಿಕಾರ್ಜುನ ಹೇಳಿದಂತೆಯೇ ಎರಡು ಸಾಲು ಬಂದವು, ಒಂದರ ಕೆಳಗೊಂದು.

ಇಲ್ಲಿ ತೊಡಕು ಎದುರಾಯಿತು. ನಮ್ಮಲ್ಲಿ ಎರಡು ಸಂಬಂಧ ಒಟ್ಟಿಗೆ ಬಂದರೆ ಎರಡನ್ನೂ ಅಮ್ಮನ ಎರಡು ಕಡೆ ಇಟ್ಟು ಹೂ ಕೇಳುತ್ತೇವೆ. ಯಾವ ಕಡೆಯ ಹೂ ಬೀಳುತ್ತದೋ ಆ ಸಂಬಂಧ. ಎಡ ಬಲ ಅಮ್ಮನಿಗೆ ಗೊತ್ತು. ಮೇಲೆ ಕೆಳಗೆ ಎಂದು ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಕೆಳಗಿಂದು ಒತ್ತೋದಾ ಅಂತ ಕೇಳಿ ಮಾವ. ಹೌದಾದ್ರೆ ಬಲಕ್ಕೆ ಕೊಡ್ಲಿ" ಎಂದಳು ಭುವನಾ.

"ನೀನು ಓದ್ಕೋ ತಾಯಿ. ದೇವರ ಬಾಯಿಗೆ ನಾವೇ ಮಾತು ತುರುಕೋದಾ? ಎರಡನ್ನೂ ಮುಂದಿಡಬೇಕು, ಅಮ್ಮ ಆರಿಸ್ಕೋತಾಳೆ" ಎಂದರು ದೊಡ್ಡಬೀರಪ್ಪನವರು. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಇದನ್ನೇ ಪಕ್ಕಕ್ಕೆ ತಿರುಗಿಸಿ ನಿಲ್ಸಿದ್ರೆ?" ಎಂದರು.

ನನಗೆ ಮೈ ಜುಮ್ಮೆಂದಿತು. ಶಾಲೆಗೆ ಹೋಗದ ಮನುಷ್ಯ, ಎಂಥ ತಲೆ! ಲ್ಯಾಪ್‌ಟಾಪನ್ನು ಪಕ್ಕೆಯ ಮೇಲೆ ನಿಲ್ಲಿಸಿದರೆ ಮೇಲಿನ ಸಾಲು ಒಂದು ಕಡೆಗೂ ಕೆಳಗಿನ ಸಾಲು ಇನ್ನೊಂದು ಕಡೆಗೂ ಬಂದೇ ಬರುತ್ತದೆ. ಆದರೆ ಯಾವ ಕಡೆಗೆ ತಿರುಗಿಸುವುದು? ಎಡಕ್ಕೆ ತಿರುಗಿಸಿದರೆ ಮೇಲಿನದು ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಗುಡಿಯಲ್ಲಿ ಪ್ರದಕ್ಷಿಣೆಯ ದಿಕ್ಕಲ್ಲದೆ ಬೇರೆ ದಿಕ್ಕೇ ಇಲ್ಲ ಎಂದು ರೇವಣಪ್ಪ ಹಟ ಹಿಡಿದ. ಹಾಗಾದರೆ ಪರದೆಯ ಮುಖ ಯಾರ ಕಡೆ? ನಮ್ಮ ಕಡೆ ಎಂದ ಹಾಲೇಶ. "ಕೇಳ್ತಿರೋದು ಯಾರನ್ನ?" ಎಂದು ಗದರಿದಳು ತಿಮ್ಮಕ್ಕಜ್ಜಿ. ಮುಖ ಅಮ್ಮನ ಕಡೆಗಾಯಿತು. ಬಲ ಎಂದರೆ ಯಾರ ಬಲ, ಅಮ್ಮನದೋ ನಮ್ಮದೋ ಎಂಬ ಮೇಲೆ ಇನ್ನೊಂದು ಸುತ್ತು ನಡೆಯಿತು. ಒಬ್ಬ ಕರಿಯಮ್ಮನಾಗಿ ನಿಂತು ತೋರಿಸಿದ. ಇನ್ನೊಬ್ಬ ಲ್ಯಾಪ್‌ಟಾಪಾಗಿ ಪಕ್ಕೆಯ ಮೇಲೆ ಮಲಗಿ ತೋರಿಸಿದ. ಅಮ್ಮನ ಬಲವೇ ಬಲ ಎಂದು ಇತ್ಯರ್ಥವಾಯಿತು. ಇಷ್ಟು ಆಳವಾದ ಚರ್ಚೆಯನ್ನು ನಾನು ಬೇರೆ ಯಾವ ಸಭೆಯಲ್ಲೂ ಕೇಳಿಲ್ಲ.

ಕೊನೆಗೆ ಲ್ಯಾಪ್‌ಟಾಪ್ ಅಮ್ಮನ ಎದುರು ಮಣೆಯ ಮೇಲೆ, ಓದಲು ನಿಲ್ಲಿಸಿದ ಪುಸ್ತಕದಂತೆ ತೆರೆದು ನಿಂತಿತು. ಮೇಲಿನ ಸಾಲು ಅಮ್ಮನ ಬಲಕ್ಕೆ. ಕೆಳಗಿನ ಸಾಲು ಎಡಕ್ಕೆ.

ರೇವಣಪ್ಪ ಅಮ್ಮನ ಎರಡು ಭುಜಕ್ಕೂ ನೆತ್ತಿಗೂ ಸೇವಂತಿಗೆ ಏರಿಸಿ, ಗಂಟೆ ಬಾರಿಸಿ, "ಅಪ್ಪಣೆ ಕೊಡು ತಾಯಿ" ಎಂದ. ಕೂಡಲೇ ತಿಮ್ಮಕ್ಕಜ್ಜಿ ಸೆರಗೊಡ್ಡಿ, "ಬಲಗಡೆನೇ ಕೊಡು ನಮ್ಮವ್ವ" ಎಂದಳು. ಅವಳ ಹಿಂದೆ ಇಡೀ ಗುಡಿ "ಬಲಗಡೆನೇ ಕೊಡಮ್ಮ, ಬಲಗಡೆನೇ ಕೊಡಮ್ಮ" ಎಂದು ಬೇಡತೊಡಗಿತು. ಅಮ್ಮನನ್ನು ಎಡಗಡೆ ಕೊಡು ಎಂದು ಕೇಳಿ ಯಾರಿಗೆ ಅಭ್ಯಾಸ? ಪಾಪ, ಹಾಲೇಶನೂ ಕಣ್ಣು ಮುಚ್ಚಿ ಬಲಗಡೆಯನ್ನೇ ಬೇಡುತ್ತಿದ್ದ.

ಬಲಗಡೆ ಎಂದರೆ ಮೇಲಿನ ಸಾಲು. ಮೇಲಿನ ಸಾಲೆಂದರೆ ಇಸ್ಪೀಟು, ಹವಾಮಾನ, ಗೊಂಬೆ, ಆಂಟಿವೈರಸ್, ಎಲ್ಲ ವಾಪಸು. ಇದು ಅಲ್ಲಿ ಹೊಳೆದದ್ದು ಭುವನಾ ಒಬ್ಬಳಿಗೆ. ಅವಳು ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಜನರನ್ನು ಸರಿಸಿಕೊಂಡು ಮುಂದೆ ಬಂದಳು.

ಹೂ ಬೀಳಲಿಲ್ಲ. ಗಂಟೆ ಬಾರಿಸಿ ರೇವಣಪ್ಪನ ಕೈ ಸೋತಿತು. ಬೇಡಿ ಬೇಡಿ ಜನರ ದನಿ ಇಳಿದು, ಕೊನೆಗೆ ಯಾರೂ ಉಸಿರೆತ್ತದಂತಾಯಿತು. ಆಗ ಬಲವೂ ಅಲ್ಲ, ಎಡವೂ ಅಲ್ಲ, ಅಮ್ಮನ ನೆತ್ತಿಯ ಮೇಲಿನ ದೊಡ್ಡ ಸೇವಂತಿಗೆ ಮೆಲ್ಲಗೆ ಜಾರಿ, ಮೂಗುತಿ ಮುಟ್ಟಿ, ನೇರವಾಗಿ ನಡುಮಧ್ಯೆ ಬಿತ್ತು.

ರೇವಣಪ್ಪ ಇಂಥದ್ದನ್ನು ಕಂಡಿರಲಿಲ್ಲ. ಬೆಚ್ಚಿ ಹಿಂದಕ್ಕೆ ಹಾರಿದ. ಅವನ ಕಾಲು ಮಣೆಗೆ ತಗುಲಿತು. ಲ್ಯಾಪ್‌ಟಾಪ್ ತೂರಾಡಿತು. "ಅಯ್ಯೋ" ಎಂದು ಇಡೀ ಗುಡಿ ಕಣ್ಣು ಮುಚ್ಚಿಕೊಂಡಿತು. ನಾನೊಬ್ಬ ಮುಚ್ಚಲಿಲ್ಲ, ಆದ್ದರಿಂದ ನೋಡಿದೆ: ಭುವನಾ ಒಂದೇ ನೆಗೆತಕ್ಕೆ ಅದನ್ನು ಹಿಡಿದು, ಮಡಿಲಿಗೆ ಹಾಕಿಕೊಂಡಳು. ಹಿಡಿಯುವ ಗಡಿಬಿಡಿಯಲ್ಲಿ ಅವಳ ಹೆಬ್ಬೆರಳು ಎಂಟರ್ ಮೇಲೆ ಬಿತ್ತು. ಆದರೆ ಅದಕ್ಕೂ ಮುಂಚೆ ಅದೇ ಹೆಬ್ಬೆರಳು ಕೆಳಬಾಣದ ಗುಂಡಿಯ ಮೇಲೂ ಬಿದ್ದಿತ್ತು, ಬಹಳ ನಿಧಾನವಾಗಿ, ಬಹಳ ಗುರಿಯಿಟ್ಟು.

ಜನ ಕಣ್ಣು ಬಿಟ್ಟಾಗ ಪರದೆ ಕಪ್ಪಗಾಗಿ ಬಿಳಿಯ ಅಂಕಿಗಳು ಓಡತೊಡಗಿದ್ದವು.

"ಯಾರು ಒತ್ತಿದ್ದು?" ಎಂದರು ದೊಡ್ಡಬೀರಪ್ಪನವರು.

"ಬಿದ್ದಾಗ ತಾನೇ ಒತ್ಕೊಂಬಿಡ್ತು ಮಾವ" ಎಂದಳು ಭುವನಾ.

ದೊಡ್ಡಬೀರಪ್ಪನವರ ಕಣ್ಣು ತುಂಬಿತು. "ನಾವು ಎರಡು ದಾರಿ ಇಟ್ವಿ. ಅಮ್ಮ ಎರಡನ್ನೂ ಬಿಟ್ಟು ತಾನೇ ಕೈ ಹಾಕಿದ್ಲು" ಎಂದು ಅಲ್ಲೇ ಉದ್ದಂಡ ನಮಸ್ಕಾರ ಹಾಕಿದರು. ಅವರ ಹಿಂದೆ ಹಾಲೇಶ, ಹಾಲೇಶನ ಹಿಂದೆ ಬೀದಿಯೆಲ್ಲ. ನಾನೂ ಹಾಕಿದೆ. ಯಾರಿಗೆ ಹಾಕಿದೆ ಎಂದು ಈವರೆಗೆ ಯಾರಿಗೂ ಹೇಳಿಲ್ಲ.

ಗುಡಿಯ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿ, ಅಂಕಿ ಏರುವುದನ್ನು ನಾವೆಲ್ಲ ಅಭಿಷೇಕ ನೋಡುವಂತೆ ಸುತ್ತ ಕೂತು ನೋಡಿದೆವು. ನಡುವೆ ಕರೆಂಟು ಹೋಯಿತು. ಅರ್ಧಕ್ಕೆ ನಿಂತರೆ ಇದು ಮತ್ತೆ ಏಳುವುದಿಲ್ಲವಂತೆ ಎಂದು ಹಾಲೇಶ ಅಳುದನಿಯಲ್ಲಿ ಹೇಳಿದ. ಲ್ಯಾಪ್‌ಟಾಪಿನೊಳಗೆ ಉಳಿದಿದ್ದ ಚಾರ್ಜು ಸ್ವಲ್ಪವೇ. ದೊಡ್ಡಬೀರಪ್ಪನವರು ಎಲ್ಲರ ಮೊಬೈಲ್ ಆಫ್ ಮಾಡಿಸಿದರು, ಅವು ಗಾಳಿಯಿಂದ ಶಕ್ತಿ ಎಳೆಯುತ್ತವೆ ಎಂದು. ತಿಮ್ಮಕ್ಕಜ್ಜಿ, "ಉಪಾಸ ಕೂತೈತಲ್ಲೋ, ಒಂದು ಎಳನೀರಾದ್ರೂ ಕೊಡ್ರೋ ಅದಕ್ಕೆ" ಎಂದಳು. ಭುವನಾ ಮಾತ್ರ ಪರದೆಯ ಬೆಳಕನ್ನು ಕಡಿಮೆ ಮಾಡಿ, ಅದನ್ನು ಮಡಿಲಿನಿಂದ ಇಳಿಸದೆ ಕೂತಿದ್ದಳು. ತೊಂಬತ್ತರ ಹತ್ತಿರ ಬಂದಾಗ ಗುಡಿಯ ಬಲ್ಬು ಹತ್ತಿತು. ಜನ ಹೋ ಎಂದರು.

ಆಮೇಲೆ ಅದು ತೆರೆದುಕೊಂಡಿತು.

ಪರದೆಯ ಮೇಲೆ ಏನೂ ಇರಲಿಲ್ಲ. ಒಂದು ಮೂಲೆಯಲ್ಲಿ ಕಸದಬುಟ್ಟಿಯ ಚಿತ್ರ, ಅದೂ ಖಾಲಿ. ಉಳಿದದ್ದೆಲ್ಲ ತಿಳಿನೀಲಿ. ನಾವು ಅದರ ಮುಂದೆ ಬಾಯಿ ಬಿಟ್ಟುಕೊಂಡು ಕೂತೆವು. ಯಾವ ಗೊಂಬೆಯೂ ಇಣುಕಲಿಲ್ಲ, ಯಾವುದೂ ಕೆಂಪಗೆ ಎದ್ದು ನಿಲ್ಲಲಿಲ್ಲ. ಒಂದು ವಸ್ತು ಇಷ್ಟು ಸುಮ್ಮನಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

"ಎಷ್ಟು ಚಂದ ಐತಲ್ಲೇ ಭುವನಾ, ಗುಡಿಸಿ ಸಾರಿಸಿದಂಗೆ" ಎಂದಳು ತಿಮ್ಮಕ್ಕಜ್ಜಿ.

ಭುವನಾ ಕ್ಯಾಮೆರಾ ಒತ್ತಿದಳು. ತಕರಾರಿಲ್ಲದೆ ಬಂತು. ಪರದೆಯ ತುಂಬ ನಾವೇ, ತಿಮ್ಮಕ್ಕಜ್ಜಿಯ ಹಲ್ಲಿಲ್ಲದ ನಗು ಎಲ್ಲರಿಗಿಂತ ಮುಂದೆ.

ಸೋಮವಾರ ಹತ್ತು ಗಂಟೆಗೆ ಪರೀಕ್ಷೆ. ಭುವನಾ ನಡುಮನೆಯಲ್ಲಿ ಕೂತಳು. ಸ್ಕೂಲಿಗೆ ರಜೆ ಹಾಕಿದ್ದ ಹಾಲೇಶ ಅವಳ ಹಿಂದೆ ಕೈಕಟ್ಟಿ ನಿಂತ, ಏನಾದರೂ ಆದರೆ ನೋಡಿಕೊಳ್ಳಲು. ಕಿಟಕಿಯಲ್ಲಿ ನಾನು ಮತ್ತು ತಿಮ್ಮಕ್ಕಜ್ಜಿ. ಪ್ರಸಾದ ತಂದ ದೊಡ್ಡಬೀರಪ್ಪನವರು ಬಾಗಿಲಲ್ಲಿ. ಎಲ್ಲರಿಗೂ ಲ್ಯಾಪ್‌ಟಾಪಿನ ಮೌನವನ್ನು ಇನ್ನೊಮ್ಮೆ ನೋಡುವ ಆಸೆ.

ಪರೀಕ್ಷೆ ಶುರುವಾಯಿತು. ಕೂಡಲೇ ಪರದೆಯ ಮೇಲೆ ಒಂದು ಸಾಲು ಎದ್ದಿತು. ಭುವನಾ ತಲೆಯೆತ್ತದೆ, ಒಂದೊಂದೇ ಪದ ಬಿಡಿಸಿ ಓದಿದಳು: "ನಿಮ್ಮ ಹಿಂದೆ ಬೇರೆ ಮನುಷ್ಯರು ಕಾಣುತ್ತಿದ್ದಾರೆ. ಇನ್ನೊಮ್ಮೆ ಕಂಡರೆ ಪರೀಕ್ಷೆ ಮುಚ್ಚಲಾಗುವುದು."

ಹಾಲೇಶ ಅಷ್ಟು ಚುರುಕಾಗಿ ನೆಲಕ್ಕೆ ಬಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಂಬೆಗಾಲಲ್ಲಿ ಹೊರಗೆ ಬಂದು, ದೊಡ್ಡಪ್ಪನನ್ನು ಎಳೆದು, ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಹೊಸ್ತಿಲ ಮೇಲೆ ಕೂತ. ಮೂರು ಗಂಟೆ ಅಲ್ಲಾಡಲಿಲ್ಲ. ಮೊಸರು ಕೇಳಿಕೊಂಡು ಬಂದವರನ್ನು ತುಟಿಯ ಮೇಲೆ ಬೆರಳಿಟ್ಟು ಕಳಿಸಿದ. ಗ್ಯಾಸ್ ಸಿಲಿಂಡರಿನವನನ್ನು ಬೀದಿಯ ತುದಿಯಲ್ಲೇ ತಡೆದ. ಕದ ತಟ್ಟಲು ಹೋದ ದೊಡ್ಡಪ್ಪನ ಕೈಯನ್ನೇ ಹಿಡಿದುಕೊಂಡ. ಫೋನು ಬಂದರೆ ತನ್ನ ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತ. ಭುವನಾಳನ್ನು ಕರೆಯಲು ಇಷ್ಟು ಜನ ಬರುತ್ತಾರೆಂದು ಅವನಿಗೆ ತಿಳಿದಿರಲಿಲ್ಲ. ಪಕ್ಕದ ಮನೆಯವನಾದ ನನಗೂ ತಿಳಿದಿರಲಿಲ್ಲ. ಅವರಲ್ಲಿ ಮುಕ್ಕಾಲು ಪಾಲು ಬಂದದ್ದು ಅವನದೇ ಕೆಲಸಕ್ಕೆ.

ಒಂದು ಗಂಟೆಗೆ ಬಾಗಿಲು ತೆರೆಯಿತು. ಭುವನಾ ಹೊಸ್ತಿಲಲ್ಲಿ ನಿಂತು ನಮ್ಮನ್ನೆಲ್ಲ ಹೊಸಬರನ್ನು ನೋಡುವಂತೆ ನೋಡಿದಳು.

"ಏನಾಯ್ತು?" ಎಂದ ಹಾಲೇಶ.

"ಎಲ್ಲಾ ಬರೆದೆ. ಉತ್ತರ ತಗೊಂಡ್ವಿ ಅಂತ ಬಂತು."

"ಮತ್ತೆ ಯಾಕೆ ಹಂಗೆ ನೋಡ್ತಿದೀಯೇ?"

"ಯಾರೂ ಕರೀಲಿಲ್ಲ ಕಣ್ರೀ" ಎಂದಳು ಭುವನಾ. ಗುಡಿಯಲ್ಲಿ ಆ ಖಾಲಿ ಪರದೆಯ ಮುಂದೆ ಕೂತಿದ್ದ ನಮ್ಮ ಬೆರಗೇ ಅವಳ ದನಿಯಲ್ಲೂ ಇತ್ತು. "ಈ ಮನೆಗೆ ಬಂದ್ಮೇಲೆ ಇದೇ ಮೊದಲು. ಮೂರು ಗಂಟೆ, ಒಬ್ರೂ ಕರೀಲಿಲ್ಲ. ನಂಗೆ ನಂಬಕ್ಕೇ ಆಗ್ತಿಲ್ಲ."

"ಊಟಕ್ಕೆ..." ಎಂದು ಬಾಯಿ ತೆರೆದ ಹಾಲೇಶ ಅಲ್ಲೇ ನಿಲ್ಲಿಸಿದ.

"ನೀವು ಇನ್ನೊಂದು ಗಂಟೆ ಇಲ್ಲೇ ಕೂತಿರ್ತೀರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಾಲೇಶ ಪುನಃ ಹೊಸ್ತಿಲ ಮೇಲೆ ಕೂತ. ದೊಡ್ಡಬೀರಪ್ಪನವರು ಪ್ರಸಾದದ ತಟ್ಟೆ ಹಿಡಿದು, "ಪರೀಕ್ಷೆ ಮುಗೀತಲ್ಲೋ, ಒಳಗೇನು ಮಾಡ್ತಾವಳೆ?" ಎಂದು ಜೋರಾಗಿ ಕೇಳಿದರು.

"ಶ್! ಮೆಲ್ಲಗೆ ದೊಡ್ಡಪ್ಪ" ಎಂದ ಹಾಲೇಶ. "ಏನೂ ಮಾಡ್ತಿಲ್ಲ."

ದೊಡ್ಡಬೀರಪ್ಪನವರು ಮುಚ್ಚಿದ ಬಾಗಿಲನ್ನು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಸದ್ದಾಗದಂತೆ ಅವನ ಪಕ್ಕದಲ್ಲಿ ಕೂತರು.